ಒಂದು ಸಿನಿಮಾ, ಇಬ್ಬರು ನಿರ್ದೇಶಕರು: ಡಾರ್ಡೆನ್ ಅಣ್ಣತಮ್ಮಂದಿರು ಕೆಲಸ ಮಾಡೋದು ಹೇಗೆ?

[ಕಪ್ಪು ತೆರೆ. ಧ್ವನಿ ಮಾತ್ರ.]

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರೆ. ಹೊಲ, ಮನೆ ಪಾಲು ಮಾಡುವಾಗ ಹುಟ್ಟಿದ ಮಾತಿದು. ಸಿನಿಮಾದಲ್ಲಿ ಪಾಲಾಗಬೇಕಾದದ್ದು ಇನ್ನೂ ಜಾಸ್ತಿ: ದುಡ್ಡು, ಹೆಸರು, ಪ್ರಶಸ್ತಿ, ಕೊನೆಗೆ "ಇದು ನನ್ನ ಐಡಿಯಾ" ಅನ್ನೋ ಹಕ್ಕು. ಇಷ್ಟೆಲ್ಲ ಇದ್ದೂ ಐವತ್ತು ವರ್ಷ ಪಾಲಾಗದೇ ಉಳಿದ ಇಬ್ಬರಿದ್ದಾರೆ.

[ತೆರೆಯ ಮೇಲೆ: ಜಾನ್-ಪಿಯೆರ್ ಡಾರ್ಡೆನ್, 1951. ಲ್ಯುಕ್ ಡಾರ್ಡೆನ್, 1954.]

ನಮಸ್ಕಾರ. ಬೆಲ್ಜಿಯಂನ ಡಾರ್ಡೆನ್ ಸೋದರರ ಹೆಸರು ಕೇಳಿರಬಹುದು. ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಇವರಿಗೆ ಎರಡು ಸಲ ಬಂದಿದೆ, 1999ರಲ್ಲಿ ಮತ್ತು 2005ರಲ್ಲಿ. ಆದರೆ ನನಗೆ ಇವರ ಕಪಾಟಿನಲ್ಲಿರೋ ಪ್ರಶಸ್ತಿಗಿಂತ ಸೆಟ್ಟಿನ ಮೇಲೆ ಕುತೂಹಲ. ಅಲ್ಲಿ ಆ್ಯಕ್ಷನ್ ಅನ್ನೋದು ಯಾರು? ಅಣ್ಣ ಓಕೆ ಅಂದು ತಮ್ಮ ಬೇಡ ಅಂದರೆ ಏನಾಗುತ್ತೆ?

[ದೃಶ್ಯ: ನದಿ ದಡದ ಕಾರ್ಖಾನೆಗಳು, ಚಿಮಣಿಗಳು.]

ಮೊದಲು ಊರು ನೋಡೋಣ. ಇವರ ಸಿನಿಮಾಗಳಲ್ಲಿ ಊರನ್ನು ಬಿಟ್ಟರೆ ಏನೂ ಅರ್ಥ ಆಗಲ್ಲ. ಲಿಯೇಜ್ ನಗರದ ಪಕ್ಕ, ಮ್ಯೂಸ್ ನದಿಯ ದಡದಲ್ಲಿ ಸೆರಾಂಗ್ ಅಂತ ಒಂದು ಪಟ್ಟಣ. 1817ರಲ್ಲಿ ಜಾನ್ ಕಾಕೆರಿಲ್ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುಮಾಡಿದ. ಮುಂದೆ ಕಲ್ಲಿದ್ದಲು, ಉಕ್ಕು, ಕಾರ್ಮಿಕ ಸಂಘ, ಮುಷ್ಕರ ಎಲ್ಲ ಬಂತು. ಡಾರ್ಡೆನ್ ಅಣ್ಣತಮ್ಮಂದಿರು ದೊಡ್ಡವರಾಗುವ ಹೊತ್ತಿಗೆ ಆ ಉಕ್ಕಿನ ಲೋಕ ಕುಸಿಯೋಕೆ ಶುರುವಾಗಿತ್ತು. ಕೆಲಸ ಹೋದ ಅಪ್ಪಂದಿರು, ಕೆಲಸವನ್ನೇ ನೋಡದ ಮಕ್ಕಳು. ಇವರ ಕಥೆಗಳೆಲ್ಲ ಹುಟ್ಟಿದ್ದು ಈ ಜಾಗದಲ್ಲೇ.

ಅಣ್ಣ ಓದಿದ್ದು ನಟನೆ, ತಮ್ಮ ಓದಿದ್ದು ತತ್ವಶಾಸ್ತ್ರ. ಇಬ್ಬರನ್ನೂ ಒಂದು ದಾರಿಗೆ ತಂದವನು ಆರ್ಮಾನ್ ಗಾಟಿ ಅನ್ನೋ ನಾಟಕಕಾರ. ಅವನ ಜೊತೆ ದುಡಿಯುವಾಗಲೇ ಇವರಿಗೆ ವಿಡಿಯೋದ ರುಚಿ ಹತ್ತಿದ್ದು. ಆದರೆ ಕ್ಯಾಮೆರಾ ಕೊಳ್ಳೋಕೆ ದುಡ್ಡು? ಅಣುವಿದ್ಯುತ್ ಸ್ಥಾವರದಲ್ಲಿ ಕೂಲಿ ಕೆಲಸ ಮಾಡಿ ಸಂಪಾದಿಸಿದರು. ಆ ಕ್ಯಾಮೆರಾ ಹಿಡಿದು ಕಾರ್ಮಿಕರ ಕಾಲೊನಿಗಳಿಗೆ ಹೋಗಿ, ಅಲ್ಲಿನ ಜನರನ್ನೇ ಮಾತಾಡಿಸಿ ಚಿತ್ರಿಸಿ, ಅದನ್ನು ಅವರಿಗೇ ತೋರಿಸುತ್ತಿದ್ದರು. 1975ರಲ್ಲಿ ದೆರೀವ್ ಅನ್ನೋ ಸ್ವಂತ ಸಂಸ್ಥೆ ಕಟ್ಟಿದರು. ಸಿನಿಮಾ ನಿರ್ದೇಶನ ಓದದೆ ಹತ್ತು ವರ್ಷದ ಮೇಲೆ ಸಾಕ್ಷ್ಯಚಿತ್ರ ಮಾಡಿದವರು ಇವರು.

[ತೆರೆಯ ಮೇಲೆ: 1992]

ಈ ಇಸವಿ ನೆನಪಿಟ್ಟುಕೊಳ್ಳಿ. ಇವರ ಎರಡನೇ ಕಥಾಚಿತ್ರ ಬಂದ ವರ್ಷ. ಸೆರಾಂಗ್‌ನಲ್ಲಿ ಕೆಲಸ ಕಳೆದುಕೊಂಡ ಉಕ್ಕಿನ ಕಾರ್ಮಿಕನ ಕಥೆ. ಹೆಸರುವಾಸಿ ಚಿತ್ರಕಥೆಗಾರ, ದೊಡ್ಡ ತಂಡ, ವೃತ್ತಿಪರ ಅಚ್ಚುಕಟ್ಟು, ಎಲ್ಲ ಇತ್ತು. ಸಿನಿಮಾ ಮಕಾಡೆ ಮಲಗಿತು. ಅದಕ್ಕಿಂತ ಹೆಚ್ಚಾಗಿ, ತೆರೆಯ ಮೇಲೆ ಬಂದದ್ದು ತಮ್ಮ ಸಿನಿಮಾ ಅಂತ ಇವರಿಗೇ ಅನ್ನಿಸಲಿಲ್ಲ. "ಸಿನಿಮಾ ಅಂದರೆ ಹೀಗೇ ಮಾಡೋದು" ಅಂತ ಸುತ್ತ ಇದ್ದವರು ಹೇಳಿದ್ದಕ್ಕೆ ತಲೆಯಾಡಿಸಿದ್ದರು.

ಇಂಥ ಸೋಲಿನ ಮೇಲೆ ಅಣ್ಣತಮ್ಮ ಒಬ್ಬರನ್ನೊಬ್ಬರು ದೂರಿ ಬೇರೆಯಾಗೋದು ಸುಲಭ ಇತ್ತು. ಇವರು ಒಟ್ಟಿಗೇ ಇದ್ದು ವ್ಯವಸ್ಥೆ ಬದಲಾಯಿಸಿದರು. 1994ರಲ್ಲಿ ಕಥಾಚಿತ್ರಕ್ಕೆಂದೇ ಲೆ ಫಿಲ್ಮ್ ದ್ಯು ಫ್ಲೆವ್ ಅನ್ನೋ ನಿರ್ಮಾಣ ಸಂಸ್ಥೆ ಹುಟ್ಟುಹಾಕಿದರು. ಈಗ ನಿರ್ಮಾಪಕರೂ ಅವರೇ. ತಂಡ ಚಿಕ್ಕದು. ಕ್ಯಾಮೆರಾ ಹೆಗಲ ಮೇಲೆ. ಹಿನ್ನೆಲೆ ಸಂಗೀತ ಇಲ್ಲ. ಹೆಸರಾಂತ ತಾರೆಯರಿಲ್ಲ.

[ದೃಶ್ಯ: ಮೊಪೆಡ್ ಮೇಲೆ ಹುಡುಗ.]

ಹಾಗೆ ಬಂದದ್ದು 1996ರ "ಲಾ ಪ್ರಾಮೆಸ್". ಅಕ್ರಮ ವಲಸಿಗರಿಗೆ ಕೊಠಡಿ ಬಾಡಿಗೆ ಕೊಟ್ಟು, ಅವರನ್ನು ದುಡಿಸಿ, ಸುಲಿಯುವ ಅಪ್ಪ. ಅವನ ಕೈಕೆಳಗೆ ಪಳಗುತ್ತಿರೋ ಮಗ ಇಗೋರ್. ಬುರ್ಕಿನಾ ಫಾಸೋದ ಒಬ್ಬ ಕೆಲಸಗಾರ ಅಟ್ಟಣಿಗೆಯಿಂದ ಬೀಳುತ್ತಾನೆ. ಸಾಯೋ ಮುಂಚೆ ಹುಡುಗನಿಂದ ಮಾತು ತೆಗೆದುಕೊಳ್ಳುತ್ತಾನೆ: ನನ್ನ ಹೆಂಡತಿ, ಮಗುವನ್ನು ನೋಡಿಕೋ. ಅಪ್ಪ ಹೆಣ ಮುಚ್ಚಿಡುತ್ತಾನೆ. ಹುಡುಗ ಕೊಟ್ಟ ಮಾತಿಗೆ ನಿಲ್ಲಬೇಕೋ, ಅಪ್ಪನಿಗೆ ನಿಲ್ಲಬೇಕೋ? ಇಡೀ ಸಿನಿಮಾ ಇಷ್ಟೇ. ಭಾಷಣ ಇಲ್ಲ, ಕಣ್ಣೀರಿಗೆ ಪಿಟೀಲು ಇಲ್ಲ. ನನ್ನ ಪ್ರಕಾರ ಇವರ ಅತ್ಯುತ್ತಮ ಸಿನಿಮಾ ಇದೇ, ಪಾಮ್ ದೋರ್ ಬಂದವುಗಳಿಗಿಂತಲೂ. ಒಪ್ಪದವರು ಕೆಳಗೆ ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ.

ಮೂರು ವರ್ಷಕ್ಕೆ "ರೊಸೆಟ್ಟಾ". ಕಾರವಾನ್‌ನಲ್ಲಿ ಕುಡುಕ ಅಮ್ಮನ ಜೊತೆ ಬದುಕುವ ಹುಡುಗಿಗೆ ಒಂದು ಕೆಲಸ ಬೇಕು, ಏನಾದರೂ ಸರಿ. ಕ್ಯಾಮೆರಾ ಅವಳ ಕತ್ತಿನ ಹಿಂದೆಯೇ ಓಡುತ್ತೆ. ಎಮಿಲಿ ದೆಕೆನ್‌ಗೆ ಅದು ಮೊದಲ ಸಿನಿಮಾ, ಕಾನ್‌ನಲ್ಲಿ ಶ್ರೇಷ್ಠ ನಟಿ ಪ್ರಶಸ್ತಿಯೂ ಬಂತು. ಅದೇ ಹೊತ್ತಿಗೆ ಬೆಲ್ಜಿಯಂ ಸರ್ಕಾರ ಯುವಜನರ ಉದ್ಯೋಗಕ್ಕೆ "ರೊಸೆಟ್ಟಾ ಯೋಜನೆ" ತಂದಿತು. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯೋ ಸಂಸ್ಥೆಗಳು ಶೇ. 3ರಷ್ಟು ಯುವಕರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಅಂತ. ಸಿನಿಮಾ ನೋಡಿ ಸರ್ಕಾರ ಕಾನೂನು ಮಾಡಿತು ಅನ್ನೋ ಕಥೆ ಆಗಾಗ ಓಡಾಡುತ್ತೆ. ಚಂದದ ಕಥೆ, ಆದರೆ ನಂಬಬೇಡಿ. ಯೋಜನೆ ಆಗಲೇ ತಯಾರಾಗುತ್ತಿತ್ತು, ಸಿನಿಮಾದಿಂದ ಬಂದದ್ದು ಹೆಸರು ಅಂತ ಸೋದರರೇ ಹೇಳಿದ್ದಾರೆ.

[ದೃಶ್ಯ: ಖಾಲಿ ಕೋಣೆ, ಗೋಡೆಗೆ ಒರಗಿದ ಟ್ರೈಪಾಡ್.]

ಈಗ ಸೆಟ್ಟಿಗೆ ಬರೋಣ. ಕಥೆಯನ್ನು ಇಬ್ಬರೂ ತಿಂಗಳುಗಟ್ಟಲೆ ಮಾತಾಡಿ ಮಾತಾಡಿ ಕಟ್ಟುತ್ತಾರೆ. ಬರೆಯಲು ಕೂರೋದು ಲ್ಯುಕ್. ಆಮೇಲೆ ವಾರಗಟ್ಟಲೆ ರಿಹರ್ಸಲ್, ಅಸಲಿ ಜಾಗದಲ್ಲೇ. ಆಗ ಅಲ್ಲಿರೋದು ನಟರು, ಇವರಿಬ್ಬರು, ಒಂದು ಚಿಕ್ಕ ವಿಡಿಯೋ ಕ್ಯಾಮೆರಾ ಅಷ್ಟೇ. ಯಾರು ಯಾವ ಬಾಗಿಲಿಂದ ಬರಬೇಕು, ಕ್ಯಾಮೆರಾ ಎಲ್ಲಿ ನಿಂತರೆ ಮುಖ ಅರ್ಧ ಮಾತ್ರ ಕಾಣುತ್ತೆ, ಎಲ್ಲ ತೀರ್ಮಾನ ಆಗೋದು ಅಲ್ಲೇ. ಅಂದರೆ ಅಣ್ಣತಮ್ಮಂದಿರ ಜಗಳ ಏನಿದ್ದರೂ ಯೂನಿಟ್ ಬರೋ ಮೊದಲೇ ಮುಗಿದಿರುತ್ತೆ! ದಿನಕ್ಕಿಷ್ಟು ಅಂತ ಬಾಡಿಗೆ ಓಡುವಾಗ ಸೆಟ್ಟಿನಲ್ಲಿ ನಿಂತು ಚರ್ಚೆ ಮಾಡೋ ಐಷಾರಾಮ ಯಾವ ಸ್ವತಂತ್ರ ನಿರ್ಮಾಪಕನಿಗೂ ಇಲ್ಲ.

ಶೂಟಿಂಗ್ ದಿನ ಒಬ್ಬರು ನಟರ ಹತ್ತಿರ, ಇನ್ನೊಬ್ಬರು ಮಾನಿಟರ್ ಮುಂದೆ. ಸ್ವಲ್ಪ ಹೊತ್ತಿಗೆ ಅದಲುಬದಲು. ಒಂದೇ ಶಾಟ್ ಹತ್ತಾರು ಟೇಕ್ ಹೋಗುತ್ತೆ. ಕಥೆಯ ಕ್ರಮದಲ್ಲೇ, ಮೊದಲ ದೃಶ್ಯದಿಂದ ಕೊನೆಯವರೆಗೆ ಚಿತ್ರೀಕರಣ. ನಮ್ಮ ಕಡೆ ಯಾವ ಪ್ರೊಡಕ್ಷನ್ ಮ್ಯಾನೇಜರ್‌ಗೆ ಇದನ್ನು ಹೇಳಿದರೂ ಹೌಹಾರುತ್ತಾನೆ, ಯಾಕಂದರೆ ಒಂದು ಲೊಕೇಶನ್‌ನ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸೋದೇ ಅಗ್ಗ. ಇವರಿಗೆ ಸಾಧ್ಯ ಆಗೋದಕ್ಕೆ ಕಾರಣ ಊರು. ಲೊಕೇಶನ್‌ಗಳೆಲ್ಲ ಸೆರಾಂಗ್, ಲಿಯೇಜ್ ಸುತ್ತಮುತ್ತ. ತಂಡವೂ ಬಹುಕಾಲ ಹೆಚ್ಚುಕಡಿಮೆ ಅದೇ ಇತ್ತು: ಛಾಯಾಗ್ರಾಹಕ ಆಲೆನ್ ಮಾರ್ಕೊಎನ್, ಸಂಕಲನಕ್ಕೆ ಮಾರಿ-ಎಲೆನ್ ದೊಜೊ, ಪಾತ್ರಕ್ಕೆ ಒಲಿವಿಯೇ ಗುರ್ಮೆ. ಗುರ್ಮೆಗೆ 2002ರಲ್ಲಿ ಇವರ ಸಿನಿಮಾದಿಂದಲೇ ಕಾನ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು.

ಹಾಗಾಗಿ "ರಕ್ತಸಂಬಂಧ ಅಲ್ವಾ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತಾಗುತ್ತೆ" ಅನ್ನೋ ವಿವರಣೆ ನನಗೆ ಸಾಲದು. ರಕ್ತಸಂಬಂಧ 1992ರಲ್ಲೂ ಇತ್ತಲ್ಲ! ಆಗ ಇಲ್ಲದೇ ಇದ್ದದ್ದು ತಮ್ಮದೇ ಸಂಸ್ಥೆ, ತಮ್ಮದೇ ವೇಗ.

[ದೃಶ್ಯ: ಅಮೆರಿಕದ ಹೆದ್ದಾರಿ, ರಾತ್ರಿ.]

ಅಮೆರಿಕದ ಕೋಯನ್ ಸೋದರರು ಬೇರೆ ದಾರಿ ಹಿಡಿದರು. ಮೊದಲ ಸಿನಿಮಾ "ಬ್ಲಡ್ ಸಿಂಪಲ್" ತೆಗೆಯೋ ಮುಂಚೆಯೇ ಅದರ ಟ್ರೈಲರ್ ಮಾಡಿ, ಊರಿನ ಉಳ್ಳವರಿಗೆ ತೋರಿಸಿ ಬಂಡವಾಳ ಎತ್ತಿದರು. ನಿರ್ದೇಶನ ಇಬ್ಬರದ್ದಾದರೂ ಅಲ್ಲಿನ ನಿರ್ದೇಶಕರ ಸಂಘದ ನಿಯಮದಿಂದಾಗಿ 2004ರವರೆಗೆ ಹೆಸರು ಹಾಕಿಕೊಂಡದ್ದು ಜೋಯೆಲ್ ಒಬ್ಬರೇ, ಈಥನ್ ನಿರ್ಮಾಪಕ. ಸಂಕಲನಕ್ಕಂತೂ ರೋಡರಿಕ್ ಜೇನ್ಸ್ ಅನ್ನೋ ಇಲ್ಲದ ಮನುಷ್ಯನ ಹೆಸರು. ಆ ಇಲ್ಲದ ಮನುಷ್ಯ ಎರಡು ಸಲ ಆಸ್ಕರ್‌ಗೆ ನಾಮನಿರ್ದೇಶನವೂ ಆದ! 2018ರ ನಂತರ ಇಬ್ಬರೂ ಬೇರೆಬೇರೆ ಸಿನಿಮಾ ಮಾಡಿದರು. ನ್ಯೂಯಾರ್ಕಿನ ಸಫ್ಡಿ ಸೋದರರೂ ಹಾಗೇ, 2025ರಲ್ಲಿ ಒಬ್ಬೊಬ್ಬರದ್ದು ಒಂದೊಂದು ಸಿನಿಮಾ ಬಂತು. ಇದನ್ನು ಒಡಕು ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಒಬ್ಬನಿಗೆ ಒಂದು ಕಥೆ ಬೇಕು, ಇನ್ನೊಬ್ಬನಿಗೆ ಬೇಡ, ಅಷ್ಟೇ ಇರಬಹುದು.

ಡಾರ್ಡೆನ್‌ಗಳು ಮಾತ್ರ ಒಟ್ಟಿಗೆ ಸಿನಿಮಾ ಮಾಡೋದನ್ನ ನಿಲ್ಲಿಸಿಲ್ಲ. 2014ರಲ್ಲಿ ಮರಿಯೋನ್ ಕೋಟಿಯಾರ್ ಥರದ ತಾರೆಯನ್ನು ಕರೆತಂದಾಗಲೂ ಪದ್ಧತಿ ಬದಲಾಗಲಿಲ್ಲ, ಆಕೆಯೂ ವಾರಗಟ್ಟಲೆ ರಿಹರ್ಸಲ್ ಮಾಡಬೇಕಾಯಿತು. 2025ರಲ್ಲಿ ತಾಯಂದಿರಾದ ಹದಿಹರೆಯದ ಹುಡುಗಿಯರ ಕಥೆಗೆ ಕಾನ್‌ನಲ್ಲಿ ಚಿತ್ರಕಥೆ ಪ್ರಶಸ್ತಿ ಬಂತು. ಅಣ್ಣನಿಗಾಗ 74. ಅಂದಹಾಗೆ, ಇವರ ಸಂಸ್ಥೆ ಬ್ರಿಟನ್ನಿನ ಕೆನ್ ಲೋಚ್, ರೊಮೇನಿಯಾದ ಕ್ರಿಸ್ತಿಯಾನ್ ಮುಂಜಿಯು ಅಂಥ ನಿರ್ದೇಶಕರ ಸಿನಿಮಾಗಳಲ್ಲೂ ಸಹನಿರ್ಮಾಪಕ.

ನೋಡೋಕೆ ಶುರುಮಾಡೋದಾದರೆ "ಲಾ ಪ್ರಾಮೆಸ್" ಮೊದಲು, ಅದರ ಬೆನ್ನಿಗೇ 2005ರ "ಲಾಂಫಾ". ಎರಡರಲ್ಲೂ ಇರೋದು ಅದೇ ನಟ, ಜೆರೆಮಿ ರೆನಿಯೇ. ಮೊದಲನೆಯದರಲ್ಲಿ ಅಪ್ಪನಿಗೆ ಎದುರು ನಿಲ್ಲೋ ಹುಡುಗ, ಎರಡನೆಯದರಲ್ಲಿ ಹೆತ್ತ ಕೂಸನ್ನೇ ಮಾರಲು ಹೊರಡುವ ಅಪ್ಪ. ಸಬ್‌ಟೈಟಲ್ ಹಾಕಿಕೊಂಡು ನೋಡಿ, ಮಧ್ಯದಲ್ಲಿ ಫೋನ್ ಮುಟ್ಟಬೇಡಿ. ಮುಂದಿನ ಸಂಚಿಕೆಯಲ್ಲಿ ಇಟಲಿಯ ತಾವಿಯಾನಿ ಸೋದರರು.