ಮೊದಲ ಪುಟದಲ್ಲಿ ಯಾರಿಗೆ ಏನಾಯ್ತು?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೂ ಕೇಳಿಸ್ತಿದೆ ಅಲ್ವಾ? ಕಾದಂಬರಿಯನ್ನು ಹೇಗೆ ಶುರು ಮಾಡಬೇಕು ಅನ್ನುವುದರ ಬಗ್ಗೆ ಇವತ್ತಿನ ಮಾತು.

ನನ್ನ ಮೊದಲ ಕಾದಂಬರಿಯ ಶುರುವಿನ 12 ಪುಟ ಬರೀ ಅಜ್ಜನ ಮನೆ. ಜಗಲಿ, ಅಡಿಕೆ ಒಣಹಾಕಿದ ಅಂಗಳ, ಮಳೆ, ಮತ್ತೆ ಮಳೆ. ಭಾರೀ ಹೆಮ್ಮೆಯಿಂದ ಅತ್ತಿಗೆಯ ಕೈಗೆ ಕೊಟ್ಟೆ. ಅವರು ಕುಕ್ಕರ್ ಕೂಗುವುದನ್ನು ಕಾಯುತ್ತಾ ಅಡುಗೆಕಟ್ಟೆಗೆ ಒರಗಿಕೊಂಡು ಓದಿದರು. ಮೂರನೇ ಕೂಗಿಗೆ ಒಲೆ ಆರಿಸಿ, 'ಚೆನ್ನಾಗಿದೆ ಕಣೋ, ಆದ್ರೆ ಇಲ್ಲಿ ಯಾರಿಗೆ ಏನಾಯ್ತು?' ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟು ಮಾತ್ರ ಇತ್ತು.

ವರ್ಣನೆಯಿಂದ ಶುರು ಮಾಡುವುದೇ ತಪ್ಪು ಅಂತಲ್ಲ. ಗೋವಿನ ಹಾಡು ನೆನಪಿಸಿಕೊಳ್ಳಿ. ಧರಣಿ ಮಂಡಲದಿಂದ ಹೊರಟು, ಕರ್ನಾಟ ದೇಶಕ್ಕೆ ಇಳಿದು, ಒಂದೇ ಉಸಿರಿನಲ್ಲಿ ಕಾಳಿಂಗ ಅನ್ನುವ ಗೊಲ್ಲನ ಹತ್ತಿರ ಬಂದು ನಿಲ್ಲುತ್ತದೆ. ಇಡೀ ಭೂಮಿ ದಾಟಲು ಆ ಹಾಡಿಗೆ ಒಂದು ಉಸಿರು ಸಾಕು, ನನಗೆ ಅಜ್ಜನ ಜಗಲಿ ದಾಟಲು 12 ಪುಟ!

ಈಗ 1965ರಲ್ಲಿ ಬಂದ ಅನಂತಮೂರ್ತಿಯವರ 'ಸಂಸ್ಕಾರ'ದ ಮೊದಲ ಪುಟ ತೆಗೆಯಿರಿ. ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುತ್ತಿದ್ದಾರೆ. ದಿನಾ ಮಾಡುವ ಕೆಲಸ, ವಿಶೇಷ ಏನೂ ಇಲ್ಲ. ಅವರು ಎಂಥ ಮನುಷ್ಯ ಎಂದು ಲೇಖಕರು ಪಟ್ಟಿ ಕೊಡುವ ಅಗತ್ಯವೇ ಬೀಳುವುದಿಲ್ಲ, ಆ ಒಂದು ಕೆಲಸದಲ್ಲೇ ಅವರ ಸಂಯಮ, ಕರ್ತವ್ಯ, ಸ್ವಲ್ಪ ಹೆಮ್ಮೆ ಕೂಡ ಕಾಣಿಸಿಬಿಡುತ್ತದೆ. ಅಷ್ಟರಲ್ಲಿ ಚಂದ್ರಿ ಬರುತ್ತಾಳೆ, ಬ್ರಾಹ್ಮಣ್ಯ ಬಿಟ್ಟ ನಾರಣಪ್ಪ ಇಟ್ಟುಕೊಂಡಿದ್ದ ಹೆಂಗಸು. ನಾರಣಪ್ಪ ಸತ್ತಿದ್ದಾನೆ. ಅವನಿಗೆ ಸಂಸ್ಕಾರ ಮಾಡುವವರು ಯಾರು? ಹೆಣ ಸುಡುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಈ ಊಟದ ವಿಷಯ ನೋಡಿ, ನನಗೆ ತುಂಬ ಇಷ್ಟ. ಧರ್ಮದ ದೊಡ್ಡ ಪ್ರಶ್ನೆ ನೇರವಾಗಿ ಎಲ್ಲರ ಹೊಟ್ಟೆಗೆ ಬಂದು ಕೂತಿತು. ಇನ್ನೊಂದು ಮಾತು. ಮೊದಲ ಸಾಲಲ್ಲೇ ಒಂದು ಬತ್ತಿದ ದೇಹ ಇದೆ, ಮುಂದೆ ಕಾಡಿನಲ್ಲಿ ಆಚಾರ್ಯರು ಮುಟ್ಟುವುದು ಚಂದ್ರಿಯ ದೇಹವನ್ನು. ಮೊದಲ ಸಲ ಓದುವಾಗ ಇದು ಹೊಳೆಯುವುದಿಲ್ಲ. ಎರಡನೇ ಸಲ ಓದಿದಾಗ ಮೈ ಜುಮ್ಮೆನ್ನುತ್ತದೆ.

ಹೆಣ ಬಿದ್ದರೇ ಶುರು ಚೆನ್ನ ಎಂದುಕೊಂಡು ಸುಮ್ನೆ ಒಂದು ಕೊಲೆ ತಂದು ಹಾಕಬೇಡಿ. ಯಾರು ಅಂತಲೇ ಗೊತ್ತಿಲ್ಲದವನು ಸತ್ತರೆ ನಮಗೇನು? 2013ರ 'ಘಾಚರ್ ಘೋಚರ್'ನಲ್ಲಿ ವಿವೇಕ ಶಾನಭಾಗರು ಕಾಫಿ ಹೌಸ್‌ನಲ್ಲಿ ಶುರು ಮಾಡುತ್ತಾರೆ. ಅಲ್ಲಿ ವಿನ್ಸೆಂಟ್ ಅನ್ನುವ ವೇಟರ್. ಕೂಗಿಲ್ಲ, ರಕ್ತ ಇಲ್ಲ. ಆದರೆ ಕಥೆ ಹೇಳುತ್ತಿರುವ ಮನುಷ್ಯ ಮನೆ ಬಿಟ್ಟು ಇಲ್ಲಿ ಬಂದು ಯಾಕೆ ಕೂತಿದ್ದಾನೆ ಅನ್ನುವ ಅನುಮಾನ ನಮ್ಮನ್ನು ಬಿಡುವುದಿಲ್ಲ.

ಅಲಾರಾಂ ಹೊಡೆದು ಏಳುವ ನಾಯಕ, ಕನ್ನಡಿ ನೋಡಿಕೊಳ್ಳುವ ನಾಯಕಿ, ಇವರ ಬಗ್ಗೆ ಜಾಸ್ತಿ ಹೇಳಲ್ಲ. ನೀವೂ ಬರೆದಿರುತ್ತೀರಿ, ನಾನೂ ಬರೆದಿದ್ದೇನೆ.

ಆ 12 ಪುಟ ಕೊನೆಗೆ ಏನಾಯಿತು ಎಂದರೆ, ಇಡೀ ಕಾದಂಬರಿ ಮುಗಿದ ಮೇಲೆ ವಾಪಸ್ ಬಂದು ಅಷ್ಟನ್ನೂ ತೆಗೆದೆ. ಅದಕ್ಕೆ ಮುಂಚೆ ತೆಗೆಯಲು ಆಗುತ್ತಿರಲಿಲ್ಲ, ಕಥೆ ಎಲ್ಲಿಗೆ ಹೋಗುತ್ತದೆ ಎಂದು ನನಗೇ ಗೊತ್ತಿರಲಿಲ್ಲವಲ್ಲ. ಈಗ ಅದು ಚಿಕ್ಕಮ್ಮ ಅಡಿಕೆ ಮೂಟೆ ಎಣಿಸುವುದರಿಂದ ಶುರುವಾಗುತ್ತದೆ. ಎರಡನೇ ಸಲ ಎಣಿಸಿದಾಗಲೂ ಒಂದು ಕಮ್ಮಿ. ಮಳೆ ಒಂದೇ ಸಾಲು ಉಳಿದಿದೆ, ಅದನ್ನೂ ತೆಗೆಯೋ ಎಂದು ಅತ್ತಿಗೆ ಹೇಳುತ್ತಲೇ ಇದ್ದಾರೆ.