ನೀರಿನ ಕೈ ಬಿಟ್ಟರಷ್ಟೇ ಒಳಗೆ ದಾರಿ: ಕೋಶಪೊರೆ ಮತ್ತು ಧ್ರುವೀಯತೆ

[ದೃಶ್ಯ: ಪೊರೆಯ ಅಡ್ಡಕೊಯ್ತ. ಹೊರಗೆ ನಿಂತ ಗ್ಲೂಕೋಸ್ ಅಣು]

ಕೋಶದ ಹೊರಗೂ ನೀರು, ಒಳಗೂ ನೀರು. ಗ್ಲೂಕೋಸ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಆದರೂ ವಾಹಕ ಪ್ರೋಟೀನ್ ಇಲ್ಲದೆ ಒಳಗೆ ಹೋಗಲು ಅದು ಒದ್ದಾಡುತ್ತದೆ. ಯಾಕೆ?

ನಡುವೆ, ನೀರುಪ್ರಿಯ ತಲೆ ಮತ್ತು ಕೊಬ್ಬಿನ ಬಾಲಗಳಿರುವ ಫಾಸ್ಫೋಲಿಪಿಡ್‌ಗಳ ಎರಡು ಪದರವಿದೆ. ಅದರ ಮಧ್ಯದ ಸುಮಾರು 3 ನ್ಯಾನೋಮೀಟರ್ ಬರೀ ಕೊಬ್ಬಿನಾಮ್ಲದ ಬಾಲಗಳು, ಅಂದರೆ ಎಣ್ಣೆ.

[ದೃಶ್ಯ: ಗ್ಲೂಕೋಸ್ ಸುತ್ತ ನೀರಿನ ಅಣುಗಳು]

ಗ್ಲೂಕೋಸ್‌ನಲ್ಲಿ ಐದು ಹೈಡ್ರಾಕ್ಸಿಲ್ (OH) ಗುಂಪುಗಳಿವೆ. ಒಂದೊಂದೂ ಹೈಡ್ರೋಜನ್ ಬಂಧದಿಂದ ನೀರನ್ನು ಹಿಡಿದುಕೊಂಡಿದೆ. ಎಣ್ಣೆಗೆ ಇಳಿಯಬೇಕಾದರೆ ಆ ಹಿಡಿತ ಬಿಡಬೇಕು, ಅಲ್ಲಿ ಬದಲಿಗೆ ಹಿಡಿಯಲು ಯಾರೂ ಇಲ್ಲ. ಧ್ರುವೀಯ ಅಣು, ಅಂದರೆ ಒಂದು ಕಡೆ ಸ್ವಲ್ಪ ಧನ, ಇನ್ನೊಂದು ಕಡೆ ಸ್ವಲ್ಪ ಋಣ ಆವೇಶವಿರುವ ಅಣು, ತೆರಬೇಕಾದ ಶಕ್ತಿಯ ಬೆಲೆ ಇದೇ. ಪೂರ್ತಿ ವಿದ್ಯುದಾವೇಶವಿರುವ ಅಯಾನಿಗೆ ಈ ಬೆಲೆ ವಿಪರೀತ: ಬರೀ ಲಿಪಿಡ್ ಪೊರೆಯಲ್ಲಿ ಸೋಡಿಯಂ ಅಯಾನಿಗಿಂತ ನೀರು ಸುಮಾರು ನೂರು ಕೋಟಿ ಪಟ್ಟು ಸುಲಭವಾಗಿ ದಾಟುತ್ತದೆ. ನೀರೂ ಧ್ರುವೀಯವೇ, ಆದರೆ ಪುಟ್ಟದು, ವಿದ್ಯುದಾವೇಶವಿಲ್ಲದ್ದು.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಕಾರ್ಬನ್ ಡೈಆಕ್ಸೈಡ್‌ನ ಬಂಧಗಳು ಧ್ರುವೀಯವೆಂದು ಅಣುವನ್ನೂ ಧ್ರುವೀಯ ಅಂದುಬಿಡುತ್ತಾರೆ. ಅಣು ನೇರಗೆರೆಯಂತಿದೆ, ಎರಡೂ ಕಡೆಯ ಸೆಳೆತ ಒಂದನ್ನೊಂದು ರದ್ದು ಮಾಡುತ್ತದೆ. ಅದಕ್ಕೇ ಅದು ಪೊರೆಯನ್ನು ಸರಾಗವಾಗಿ ದಾಟುತ್ತದೆ.

[ದೃಶ್ಯ: ಬೇರ್ಪಡಿಕೆ ಫನೆಲ್, ಎರಡು ಪದರ]

ಒಂದು ಪದಾರ್ಥ ನೀರಿಗಿಂತ ಎಣ್ಣೆಯನ್ನು ಎಷ್ಟು ಇಷ್ಟಪಡುತ್ತದೆ ಎಂದು ಅಳೆಯುವುದು ಹೇಗೆ? ಆಕ್ಟನಾಲ್ (ಎಣ್ಣೆಯಂಥ ಒಂದು ಆಲ್ಕೊಹಾಲ್) ಮತ್ತು ನೀರನ್ನು ಮೊದಲು ಒಂದರಿಂದೊಂದು ಸಂತೃಪ್ತಗೊಳಿಸಿಕೊಳ್ಳಿ, ಅಂದರೆ ಒಂದರಲ್ಲಿ ಇನ್ನೊಂದು ಕರಗುವಷ್ಟು ಕರಗಿರಲಿ. ಪದಾರ್ಥವನ್ನು ಸ್ವಲ್ಪವೇ ಹಾಕಿ, ನಿಧಾನವಾಗಿ ಅಲುಗಾಡಿಸಿ, ಪದರಗಳು ಬೇರೆಯಾದ ಮೇಲೆ ಎರಡರಲ್ಲೂ ಸಾಂದ್ರತೆ ಅಳೆಯಿರಿ. ಆಕ್ಟನಾಲ್‌ನಲ್ಲಿ ನೂರು ಪಟ್ಟು ಹೆಚ್ಚಿದ್ದರೆ, ಆ ಅನುಪಾತದ ಲಾಗರಿದಮ್ ಆದ ಲಾಗ್ ಪಿ 2. ಜೋರಾಗಿ ಕುಲುಕಿದರೆ ಆಕ್ಟನಾಲ್ ಹನಿಗಳು ನೀರಿನಲ್ಲೇ ಉಳಿದು, ಎಣ್ಣೆಪ್ರಿಯ ಪದಾರ್ಥದ ಲಾಗ್ ಪಿ ಕಡಿಮೆ ತೋರುತ್ತದೆ. ಪದರಗಳು ಪೂರ್ತಿ ಬೇರೆಯಾಗಲು ಸೆಂಟ್ರಿಫ್ಯೂಜ್ ಮಾಡುವುದನ್ನು (ವೇಗವಾಗಿ ತಿರುಗಿಸುವುದನ್ನು) ಬಿಡಬೇಡಿ.

ಹಾಗಂತ ಲಾಗ್ ಪಿ ಹೆಚ್ಚಿದಷ್ಟೂ ಒಳ್ಳೆಯದಲ್ಲ. 5 ದಾಟಿದ ಅಣು ಸಾಮಾನ್ಯವಾಗಿ ನೀರಿನಲ್ಲಿ ಕರಗುವುದೇ ಕಷ್ಟ, ಪೊರೆಗೆ ಸೇರಿದರೆ ಅಲ್ಲೇ ಉಳಿದುಬಿಡಬಹುದು.

ಆಮ್ಲೀಯತೆಯ ಅಳತೆಯಾದ ಪಿಎಚ್ ಅನ್ನೂ ಮರೆಯುವಂತಿಲ್ಲ. ಆಸ್ಪಿರಿನ್‌ನ ಪಿಕೆಎ, ಅಂದರೆ ಅದರ ಅರ್ಧ ಭಾಗ ಅಯಾನಾಗಿರುವ ಪಿಎಚ್, ಸುಮಾರು 3.5. ಜಠರದಂಥ ಪಿಎಚ್ 1.5ರಲ್ಲಿ ಅದರ ಶೇ 99 ಭಾಗ ಆವೇಶರಹಿತ. 7.4ರಲ್ಲಿ ಬಹುತೇಕ ಎಲ್ಲವೂ ಅಯಾನು. ಲೆಕ್ಕದ ಪ್ರಕಾರ ಜಠರದಲ್ಲೇ ಹೆಚ್ಚು ಹೀರಿಕೆಯಾಗಬೇಕು. ಆದರೆ ಹೆಚ್ಚಿನ ಪಾಲು ಹೀರಿಕೆಯಾಗುವುದು ಸಣ್ಣ ಕರುಳಿನಲ್ಲಿ. ಅಲ್ಲಿನ ವಿಲ್ಲೈಗಳ (ಒಳಗೋಡೆಯ ಬೆರಳಿನಂಥ ಪುಟ್ಟ ಚಾಚುಗಳ) ಅಗಾಧ ಮೇಲ್ಮೈ, ಅಯಾನಾಗದೆ ಉಳಿದ ಆ ಚೂರು ಪಾಲಿಗೂ ಸಾಕಷ್ಟು ದಾರಿ ಕೊಡುತ್ತದೆ. ಆ ಚೂರು ದಾಟಿದಂತೆಲ್ಲ ಉಳಿದ ಅಯಾನುಗಳಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ.