ಮೇಲೇರಲು ಜಾಗವಿಲ್ಲದ ಹಕ್ಕಿ

ಸಭೆಯಲ್ಲಿರುವ ಹಿರಿಯರೇ, ಪಕ್ಷಿವೀಕ್ಷಕ ಮಿತ್ರರೇ,

ಇಂದು ನಾನು ಹೇಳಹೊರಟಿರುವುದು ಜಪಾನಿನ ಎತ್ತರದ ಪರ್ವತಗಳ ಒಂದು ಹಕ್ಕಿಯ ಕತೆ. ಅದು ಕೋಳಿಯ ದೂರದ ನೆಂಟರಾದ, ತಂಪು ನಾಡುಗಳ ಗ್ರೌಸ್ ಬಳಗದ್ದು. ಆ ಬಳಗದ ಒಂದು ಹಕ್ಕಿಯೂ ಭಾರತದಲ್ಲಿಲ್ಲದ ಕಾರಣ ಅದಕ್ಕೆ ನಮ್ಮಲ್ಲಿ ಹೆಸರೂ ಹುಟ್ಟಲಿಲ್ಲ. ಕೌಜುಗವೆಂದು ಕರೆದರೆ ನೀವೇ ಎದ್ದುನಿಂತು ತಿದ್ದುತ್ತೀರಿ. ಆದ್ದರಿಂದ ಜಪಾನೀಯರಂತೆ ರೈಚೋ, ಎಂದರೆ ಗುಡುಗುಹಕ್ಕಿ, ಎಂದೇ ಕರೆಯುತ್ತೇನೆ.

ಹಿಮಯುಗದಲ್ಲಿ ಉತ್ತರದಿಂದ ಬಂದ ಈ ಹಕ್ಕಿ, ಭೂಮಿ ಬೆಚ್ಚಗಾದಂತೆಲ್ಲ ಮೇಲೇರುತ್ತಾ ಹೋಗಿ, ಮಧ್ಯ ಜಪಾನಿನ ಶಿಖರಗಳಲ್ಲಿ, ನೆಲಕ್ಕೊರಗಿ ಬೆಳೆಯುವ ಹೈಮತ್ಸು ಪೈನ್ ಪೊದೆಗಳ ನಡುವೆ ಉಳಿದುಕೊಂಡಿತು. ನೀಲಗಿರಿಯ ಶೋಲಾ ನೆತ್ತಿಗಳ ಹಕ್ಕಿಗಳನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರು ಬಾರಿ ಪುಕ್ಕ ಬದಲಿಸಿ, ಚಳಿಗಾಲದಲ್ಲಿ ಬೆಳ್ಳಗಾಗುವ ಅದರ ಕಾಲ್ಬೆರಳುಗಳಿಗೂ ಗರಿಯ ಹೊದಿಕೆಯಿದೆ. 1980ರ ದಶಕದಲ್ಲಿ ಸುಮಾರು 3,000 ಎಂದು ಅಂದಾಜಾಗಿದ್ದ ಸಂಖ್ಯೆ, ಈ ಶತಮಾನದ ಆರಂಭದ ಹೊತ್ತಿಗೆ 1,700ರ ಆಸುಪಾಸಿಗೆ ಇಳಿಯಿತು.

‘ಕಾಡನ್ನು ಅದರ ಪಾಡಿಗೆ ಬಿಟ್ಟುಬಿಡಿ, ಸಾಕು’ ಎಂಬ ಮಾತನ್ನು ಇದೇ ವೇದಿಕೆಯಲ್ಲಿ ಹಲವು ಬಾರಿ ಕೇಳಿದ್ದೇನೆ, ಒಮ್ಮೆ ನಾನೇ ಆಡಿದ್ದೇನೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ. ಬಿಸಿಯನ್ನು ಶಿಖರದವರೆಗೆ ಕಳುಹಿಸಿದವರು ನಾವೇ ಆಗಿರುವಾಗ, ದೂರ ನಿಲ್ಲುವುದು ನಿರಪರಾಧವಾಗುವುದು ಹೇಗೆ?

ಕಿಸೊ ಪರ್ವತಶ್ರೇಣಿಯ ಪ್ರಸಂಗವನ್ನೇ ನೋಡಿ. ಅಲ್ಲಿ 1969ರ ನಂತರ ರೈಚೋ ಕಾಣಿಸಿರಲಿಲ್ಲ, ನಿರ್ನಾಮವಾಯಿತೆಂದೇ ಎಲ್ಲರೂ ನಂಬಿದ್ದರು. 2018ರಲ್ಲಿ, 2,956 ಮೀಟರ್ ಎತ್ತರದ ಕೊಮಾಗತಾಕೆ ಶಿಖರದಲ್ಲಿ ಚಾರಣಿಗರೊಬ್ಬರ ಕ್ಯಾಮೆರಾಗೆ ಹೆಣ್ಣೊಂದು ಸಿಕ್ಕಿತು. ಬೇರೆ ಶ್ರೇಣಿಯಿಂದ ಒಂಟಿಯಾಗಿ ಹಾರಿಬಂದಿದ್ದ ಅದು, ಗಂಡಿಲ್ಲದೆಯೂ ಮೊಟ್ಟೆಯಿಟ್ಟು, ಮರಿಯಾಗದ ಆ ಮೊಟ್ಟೆಗಳ ಮೇಲೆ ನಿಷ್ಠೆಯಿಂದ ಕಾವು ಕೂರುತ್ತಿತ್ತು. ಅದರ ಪಾಡಿಗೆ ಬಿಟ್ಟಿದ್ದರೆ ಸಾಯುವವರೆಗೂ ಕೂರುತ್ತಿತ್ತೋ ಏನೋ! 2019ರಲ್ಲಿ ವಿಜ್ಞಾನಿಗಳು ನೊರಿಕುರಾ ಪರ್ವತದಿಂದ ಫಲಿತ ಮೊಟ್ಟೆಗಳನ್ನು ತಂದು ಗೂಡಿನಲ್ಲಿ ಬದಲಿಸಿದರು. ಮರಿಗಳೇನೋ ಹೊರಬಂದವು, ಆದರೆ ಕೆಲವೇ ದಿನಗಳಲ್ಲಿ ಇಲ್ಲವಾದವು. ಮರುವರ್ಷ ಮೃಗಾಲಯಗಳಿಂದ ಮೊಟ್ಟೆ ತಂದರು. ಮರಿಗಳು ಹೊರಬಂದ ಹೊತ್ತಿಗೇ ಕೋತಿಯೊಂದು ಗೂಡಿಗೆ ಇಣುಕಿದ್ದರಿಂದ, ಬೆದರಿದ ಮರಿಗಳು ತಾಯಿಯ ಮೈಬಿಸಿ ತಪ್ಪಿ ಸತ್ತವು. (ಕೋತಿಗಳ ಪ್ರತಾಪದ ಬಗ್ಗೆ ಮಲೆನಾಡಿನ ತೋಟದವರಿಗೆ ನಾನು ಪಾಠ ಹೇಳಬೇಕೆ?) ಹಿಂದೆ ಇಷ್ಟೆತ್ತರಕ್ಕೆ ಬಾರದಿದ್ದ ಕೋತಿ, ನರಿಗಳು ಈಗ ಏರಿಬರುತ್ತಿವೆ.

ಎರಡು ಬಾರಿ ಸೋತ ಮೇಲೂ ಅವರು ‘ಅದರ ಪಾಡಿಗೆ’ ಎನ್ನಲಿಲ್ಲ. 2020ರ ಆಗಸ್ಟ್‌ನಲ್ಲಿ ನೊರಿಕುರಾದಿಂದ ಮೂರು ಕುಟುಂಬಗಳನ್ನು, ಒಟ್ಟು 19 ಹಕ್ಕಿಗಳನ್ನು, ಹೆಲಿಕಾಪ್ಟರಿನಲ್ಲಿ ಕೊಮಾಗತಾಕೆಗೆ ಸಾಗಿಸಿದರು. ಇಂಥ ಮರಿಗಳನ್ನು ಬದುಕಿಸುವ ಬಗೆಯೂ ವಿಚಿತ್ರ. ರಾತ್ರಿಯಲ್ಲೂ ಬಿರುಮಳೆಯಲ್ಲೂ ಕುಟುಂಬವನ್ನು ಪಂಜರದಲ್ಲಿಡುತ್ತಾರೆ, ಹಗಲಿನಲ್ಲಿ ಹೊರಗೆ ಬಿಟ್ಟು, ನಮ್ಮೂರಿನ ದನಗಾಹಿಗಳಂತೆ ಹಿಂದೆಯೇ ನಡೆಯುತ್ತಾರೆ. ಇದು ಸಾಧ್ಯವಾಗುವುದು ರೈಚೋ ಮನುಷ್ಯರಿಗೆ ಹೆದರದಿರುವುದರಿಂದ. ಯೂರೋಪಿನಲ್ಲಿ ಬೇಟೆಗೆ ಸಿಕ್ಕ ಅದರ ಬಂಧುಗಳು ಜನರನ್ನು ಕಂಡರೆ ಹಾರುತ್ತವೆ. ಪರ್ವತವೇ ದೇವರ ನೆಲೆಯೆಂದು ನಂಬಿದ ಜಪಾನಿನಲ್ಲಿ ಈ ಹಕ್ಕಿಗೂ ಆ ಭಕ್ತಿಯ ರಕ್ಷಣೆ ದಕ್ಕಿತು.

ಮರಿಗಳು ತಾಯಿಯ ಹಿಕ್ಕೆ ತಿಂದು ಹೊಟ್ಟೆಗೆ ಬೇಕಾದ ಸೂಕ್ಷ್ಮಜೀವಿಗಳನ್ನು ಪಡೆಯುವ ವಿಚಾರವನ್ನು ವಿಸ್ತಾರವಾಗಿ ಹೇಳುವ ಉದ್ದೇಶವಿತ್ತು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಹೊರಗೆ ಉಪ್ಪಿಟ್ಟಿನ ಪರಿಮಳವೂ ಎದ್ದಿರುವುದರಿಂದ ಆ ವಿವರವನ್ನು ಈಗ ಬಿಡುವುದೇ ಲೇಸು. ಒಂದನ್ನಷ್ಟೇ ಹೇಳಿ ಮುಗಿಸುತ್ತೇನೆ: ಸಾಗಿಸಿದ ಮರುವರ್ಷ, 2021ರಲ್ಲಿ, ಆ ಹಕ್ಕಿಗಳು ಕೊಮಾಗತಾಕೆಯಲ್ಲಿ ತಾವಾಗಿಯೇ ಗೂಡು ಮಾಡಿದವು.